ಇಳಿಯವ್ವ ತಾಯಿ

ದೆವ್ವ, ಅಶರೀರವಾಣಿ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹರಿಹರದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ಬಾಯಿಯೂ ಸ್ವಲ್ಪ ಜೋರು. ಹಾಗಾಗಿ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನನ್ನ ತಮ್ಮ ಬಸವರಾಜ ನನ್ನ ಮನೆಯಲ್ಲೇ ಇದ್ದುಕೊಂಡು ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಕೆಲವು ವರ್ಷಗಳ ಹಿಂದೆ ಅವನಿಗೆ ಯಾರೋ ಗಂಡಸಿನ ದನಿ ಕೇಳಿಸತೊಡಗಿತು. ಕೆಲಸ ಬಿಟ್ಟ, ನಿದ್ದೆ ಬಿಟ್ಟ. ದಾವಣಗೆರೆಯ ಆಸ್ಪತ್ರೆಗೆಂದು ಬಸ್ ಹತ್ತಿಸಿದರೆ, "ಇಳಿಯೋ ಲೇ ಅಂತಾನಕ್ಕ" ಎಂದು ದಾರಿಯಲ್ಲೇ ಇಳಿದುಬಿಡುತ್ತಿದ್ದ. ನಾನೂ ಹಿಂದೆಯೇ ಇಳಿದು, ಬೈಯುತ್ತಾ, ಎದುರಿನ ಬಸ್ ಹಿಡಿದು ಮನೆಗೆ ಕರೆತರುತ್ತಿದ್ದೆ.

ಕೊನೆಗೆ ನಾನೊಬ್ಬಳೇ ಹೋಗಿ ಡಾಕ್ಟರ ಹತ್ತಿರ ಜಗಳವಾಡಿದೆ. "ನೋಡ್ರಿ ಮೇಡಂ, ಊಟ ಮಾಡ್ತಾನೆ, ಯಾರ ಮೇಲೂ ಕೈ ಮಾಡಿಲ್ಲ ಅಂತ ನೀವೇ ಹೇಳ್ತೀರಿ. ಅಂಥವ್ರನ್ನ ಒಪ್ಪಿಗೆ ಇಲ್ದೆ ಸೇರಿಸ್ಕೊಳ್ಳಾಕೆ ಕಾನೂನು ಬಿಡಲ್ರಿ. ಚಿಕಿತ್ಸೆ ಅವ್ರ ಹಕ್ಕು, ಬ್ಯಾಡ ಅನ್ನೋದೂ ಅವ್ರ ಹಕ್ಕೇ" ಎಂದರು. "ಅವ್ನು ಒಪ್ಪೋ ಹೊತ್ತಿಗೆ ಏನೂ ಉಳಿದಿರಲ್ರಿ!" ಎಂದು ಕೂಗಾಡಿ ಬಂದೆ.

ಮಾಯಕೊಂಡದ ಸೋದರಮಾವ ಕಾರು, ಹಗ್ಗ, ಇಬ್ಬರು ಆಳುಗಳನ್ನು ತರುತ್ತೇನೆಂದ. ಅದು ಬಸವರಾಜನಿಗೆ ತಿಳಿಯಿತು. "ನನ್ನ ಕಟ್ಟಿ ಒಯ್ದರೆ, ವಾಸಿಯಾದ ಮೇಲೂ ನಿನ್ನ ಮನೆಗೆ ಬರಲ್ಲಕ್ಕ" ಎಂದ. ಮಾತೂ ನೆಟ್ಟಗಿತ್ತು, ನೋಟವೂ ನೆಟ್ಟಗಿತ್ತು. ಇನ್ನೊಂದೇ ಸಲ ಬಸ್ಸಿನಲ್ಲಿ ನೋಡುತ್ತೇನೆ ಎಂದು ಮಾವನನ್ನು ತಡೆದೆ.

ಮರುದಿನ ಬೆಳಿಗ್ಗೆ ಹೊರಟೆವು. ಅವನು ಮಧ್ಯದಲ್ಲಿ ಇಳಿಯಲಿಲ್ಲ, ಕಿಟಕಿಗೆ ತಲೆಯಾನಿಸಿ ಕೂತಿದ್ದ. ದಾವಣಗೆರೆ ಬಂತು, ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ ನಿಂತಿತು. ಅವನಿಗೆ ಏಳು ಎನ್ನಲು ನನಗೆ ಧೈರ್ಯ ಬರಲಿಲ್ಲ. ಆಗ ನನ್ನ ಕಿವಿಯ ಪಕ್ಕದಲ್ಲೇ ವಯಸ್ಸಾದ ಗಂಡಸೊಬ್ಬ ಸಮಾಧಾನವಾಗಿ ಹೇಳಿದ: "ಇಳಿಯವ್ವ ತಾಯಿ."

ತಿರುಗಿ ನೋಡಿದೆ. ಹಿಂದಿನ ಸೀಟು ಖಾಲಿ. ಕಂಡಕ್ಟರ್ ಅತ್ತ ಮುಂದಿನ ಬಾಗಿಲಲ್ಲಿದ್ದ, ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ.

ನಾನು ಬಾಯಿ ಬಿಡುವ ಮೊದಲೇ ಬಸವರಾಜ ನಕ್ಕ. "ನೋಡಕ್ಕ, ನಿನಗಾದ್ರೆ ತಾಯಿ ಅಂತಾನೆ. ನನಗೆ ಒಂದಿನಾನೂ ಮರ್ಯಾದೆ ಕೊಟ್ಟಿಲ್ಲ" ಎಂದವನೇ ಎದ್ದು, ನನಗಿಂತ ಮೊದಲು ಇಳಿದ.

"ನಿಮ್ಮ ಇಷ್ಟದಿಂದ ಬಂದೀರಾ?" ಎಂದು ಡಾಕ್ಟರು ಕೇಳಿದರು. "ಹ್ಞೂಂ ರಿ, ನಂದೇ ಇಷ್ಟ" ಎಂದ. ನನಗೆ ಕೇಳಿಸಿದ್ದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಪಕ್ಕದಲ್ಲೇ ನನಗೂ ಒಂದು ಮಂಚ ತೋರಿಸುತ್ತಿದ್ದರೇನೋ!

ಈಗ ಅವನು ಮತ್ತೆ ಮಂಡಿಪೇಟೆಗೆ ಹೋಗಿಬರುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ, ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ರೇಗಿಸುತ್ತಾನೆ. ನಾನು ಖುಷಿಯಾಗಿದ್ದೇನೆ. ಆದರೆ ಆ ದನಿ ಯಾರದು, ನನ್ನ ಕಿವಿಗೆ ಬಿದ್ದ ಮಾತು ಅವನಿಗೆ ಹೇಗೆ ಗೊತ್ತಾಯಿತು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಧೈರ್ಯ ಮಾಡಿ, "ಅವ್ನು ಈಗ್ಲೂ ಮಾತಾಡ್ತಾನೇನೋ?" ಎಂದು ಕೇಳಿದೆ.

"ಎಲ್ಲಿ ಮಾತಾಡ್ತಾನಕ್ಕ?" ಎಂದ, ಅನ್ನ ಕಲಸುತ್ತಾ. "ಅವತ್ತು ಇಳಿದಿದ್ದು ನಾವಿಬ್ರೇ. ಅವ್ನು ಬಸ್ಸಲ್ಲೇ ಮುಂದಕ್ಕೆ ಹೋದ."