ಎಡಗಡೆಯ ಸಮುದ್ರ

ಕಳೆದ ಶನಿವಾರ ತರಕಾರಿ ತರಲು ಹೋದವಳು ಗಿಡದ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ತೂಗುಹಾಕಿದ್ದ ಕುಂಡದಿಂದ ಕೆಂಪು ನೇರಳೆ ಹೂಗಳು ಜುಮುಕಿಗಳಂತೆ ಇಳಿಬಿದ್ದಿದ್ದವು. ಫ್ಯೂಷಿಯಾ. ಅಡಿಲೇಡಿನ ಬಿಸಿಲಿಗೆ ಬಾಳುವ ಗಿಡವಲ್ಲ ಎಂದು ಅಂಗಡಿಯವಳೇ ಎಚ್ಚರಿಸಿದಳು. ಬಾಳದಿದ್ದರೆ ಬೇಡ, ಎರಡು ನಿಮಿಷ ನೋಡಿಕೊಂಡು ಹೋಗುತ್ತೇನೆ ಎಂದೆ. ಈ ಹೂವನ್ನು ನಾನು ಮೊದಲು ಕಂಡದ್ದು ಐರ್ಲೆಂಡಿನಲ್ಲಿ, ನಮ್ಮ ಬಾಡಿಗೆ ಕಾರಿನ ಎಡಗನ್ನಡಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದ ಗೊಂಚಲಿನಲ್ಲಿ.

ಅದನ್ನು ಹೇಳುವ ಮುಂಚೆ ನಿಮಗೆ ಕಾರಿನೊಳಗಿನ ಸಂಸಾರದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿನ ನಮ್ಮ ಕನ್ನಡದ ಹೆಂಗಸರೆಲ್ಲ ವಾರವಿಡೀ ಕಾರು ಓಡಿಸುತ್ತೇವೆ. ಕೆಲಸಕ್ಕೆ, ಮಕ್ಕಳ ಈಜಿಗೆ, ಮಳೆ ಬರಲಿ ಬಿಸಿಲಿರಲಿ. ಭಾನುವಾರ ಗಂಡನ ಜೊತೆ ಹೊರಟೆವೋ, ಯಾರೂ ಹೇಳದೆಯೇ ಎಡಗಡೆಯ ಸೀಟಿಗೆ ಹೋಗಿ ಕುಳಿತುಬಿಡುತ್ತೇವೆ. ನಾನೂ ಹಾಗೆಯೇ. ದಾರಿ ಹೇಳುವುದು, ತಿಂಡಿಯ ಡಬ್ಬಿ ತೆಗೆಯುವುದು, ಆಗಾಗ "ನೋಡ್ರೀ ಅಲ್ಲಿ" ಎನ್ನುವುದು ನನ್ನ ಖಾತೆ. ಆ ಖಾತೆಯನ್ನು ನಾನು ಬಹಳ ಗತ್ತಿನಿಂದಲೇ ನಡೆಸಿದ್ದೆ.

ನಮ್ಮವರು ಸಕ್ಕರೆ ಕಾಯಿಲೆಯ ಡಾಕ್ಟರು. ಮದುವೆಗೆ ಮುಂಚೆ ಐರ್ಲೆಂಡಿನಲ್ಲಿ ತರಬೇತಿಗಿದ್ದವರು. ರಾತ್ರಿ ಡ್ಯೂಟಿ, ಹಗಲು ನಿದ್ದೆ. ಜೇಬಿನಲ್ಲಿ ಕಾಸಿಲ್ಲ, ಕಾರಂತೂ ಇಲ್ಲವೇ ಇಲ್ಲ. ಪಶ್ಚಿಮದ ಕಡಲತೀರದ ದಾರಿಯನ್ನು ಜೊತೆಯವರೆಲ್ಲ ಹೊಗಳುವುದನ್ನು ಕೇಳಿದ್ದೇ ಬಂತು, ನೋಡಲಾಗಲಿಲ್ಲ. ಎಲ್ಲಿ ಸಮುದ್ರ ಕಂಡರೂ "ಇದೇನು ಮಹಾ, ಐರ್ಲೆಂಡಿನದು ನೋಡಬೇಕು" ಎಂದು, ಆ ಸಮುದ್ರವನ್ನು ತಾವೇ ನೋಡಿರದ ಮನುಷ್ಯ ಹೇಳುತ್ತಿದ್ದರು. ಮಗಳು ನರ್ಸ್ ಆಗಿ ಪರ್ತಿನ ಜೂಂಡಲಪ್ಪಿಗೆ ಹೋದ ವರ್ಷ, ಕೊನೆಗೂ ಹೊರಟೆವು.

ಮೊದಲ ದಿನ ಅಲ್ಲಿನ ಕೆರಿ ಜಿಲ್ಲೆಯ ತೀರದಿಂದ ಉತ್ತರಕ್ಕೆ ನಮ್ಮ ಪಯಣ. ಸಮುದ್ರ ಎಡಕ್ಕೆ, ಅಂದರೆ ನನ್ನ ಕಿಟಕಿಗೆ. ರಸ್ತೆ ಎನ್ನಲು ಸಂಕೋಚವಾಗುವಷ್ಟು ಸಣ್ಣ ರಸ್ತೆ; ನಡುವೆ ಹುಲ್ಲು, ಎರಡೂ ಕಡೆ ಕಲ್ಲಿನ ಗೋಡೆ ಇಲ್ಲವೇ ಹೂಬೇಲಿ. ಬೇಲಿ ಮುಗಿದಲ್ಲೆಲ್ಲ ನೀರು ಒಮ್ಮೆಗೇ ಎದುರಾಗುತ್ತಿತ್ತು. "ನೋಡ್ರೀ!" ಎಂದೆ. "ಹ್ಞೂಂ" ಎಂದರು, ತಿರುಗಲಿಲ್ಲ. ಇನ್ನೊಮ್ಮೆ ಎಂದೆ. ಮತ್ತೆ ಹ್ಞೂಂ. ಬೆಳಿಗ್ಗೆ ಲಗೇಜಿನ ವಿಷಯಕ್ಕೆ ಸಣ್ಣ ಮಾತಾಗಿತ್ತು, ಅದರ ಮುನಿಸು ಎಂದುಕೊಂಡೆ. ರಾಜಿ ಮಾಡಿಕೊಳ್ಳಲು ಡಬ್ಬಿಯಿಂದ ಕೋಡುಬಳೆ ತೆಗೆದು ಅವರ ಕೆನ್ನೆಯ ಪಕ್ಕ ಹಿಡಿದೆ. ತೆಗೆದುಕೊಳ್ಳಲಿಲ್ಲ. ನನ್ನ ಕೈ ಹಾಗೆಯೇ ಇತ್ತು. ನನಗೂ ಸಿಟ್ಟು ಬಂತು. ಇಷ್ಟೊಂದು ಕೊಬ್ಬು ಯಾಕೆ ಎಂದು ಆ ಕೋಡುಬಳೆಯನ್ನು ನಾನೇ ಕರಕರ ಕಡಿದೆ.

"ಏನು ತಿಂತಿದೀಯಾ? ನಂಗೊಂದು ಕೊಡಲ್ವಾ?" ಎಂದರು.

ಕೈಯಲ್ಲಿದ್ದ ಅರ್ಧ ಕೋಡುಬಳೆ ಅಲ್ಲೇ ನಿಂತಿತು. ಅಷ್ಟರಲ್ಲಿ ಎಡಗನ್ನಡಿ ಬೇಲಿಗೆ ಬಡಿದು ಮಡಚಿಕೊಂಡಿತು. ಮುಂದೆ ಒಂದು ಹೊಲದ ಗೇಟಿನ ಬಳಿ ಜಾಗ ಕಂಡಿತು.

"ರೀ, ನಿಲ್ಸಿ" ಎಂದೆ. ನಿಲ್ಲಿಸಿದರು. "ನಿಮಗೆ ಈ ಕಡೆ ಕಾಣ್ತಾ ಇಲ್ಲ, ಅಲ್ವಾ?"

ಕೀ ತಿರುಗಿಸಿ ಎಂಜಿನ್ ಆರಿಸಿದರು. "ಸ್ವಲ್ಪ ದಿನದಿಂದ ಮಬ್ಬು ಕಣೇ. ನಮ್ಮೂರಿನ ಅಗಲವಾದ ರೋಡಲ್ಲಿ ಗೊತ್ತಾಗ್ತಿರಲಿಲ್ಲ. ಗ್ಲಾಕೋಮಾ ಇರಬೇಕು. ಟ್ರಿಪ್ ಮುಗಿಸ್ಕೊಂಡು ತೋರಿಸೋಣ ಅಂತಿದ್ದೆ."

ಬಂದ ರೋಗಿಗಳಿಗೆಲ್ಲ ಮೊದಲು "ಕಣ್ಣು ತೋರಿಸಿದ್ರಾ?" ಎಂದು ಕೇಳುವವರು ಇವರು! ನನಗೆ ಅಳು, ಭಯ, ಕೋಪ ಮೂರೂ ಒಟ್ಟಿಗೆ ಬಂದವು. ಕೋಪ ಗೆದ್ದಿತು. "ಇಳೀರಿ, ನಾನು ಓಡಿಸ್ತೀನಿ" ಎಂದೆ. ಬಾಡಿಗೆ ಕಾರಿನ ಕಾಗದದಲ್ಲಿ ಎರಡನೇ ಡ್ರೈವರಾಗಿ ನನ್ನ ಹೆಸರನ್ನು ಸುಮ್ಮನೆ ಬರೆಸಿದ್ದೆವು. ಆ ಹೆಸರಿಗೆ ಕೆಲಸ ಬಂತು. ಕನ್ನಡಿ ಬಿಡಿಸುವಾಗ ಹೂಗೊಂಚಲು ನನ್ನ ಕೈಗೆ ಬಂತು. ಅವರು ಎಡ ಸೀಟಿನಲ್ಲಿ ಕುಳಿತು, ಕತ್ತನ್ನು ಪೂರ್ತಿ ತಿರುಗಿಸಿ, ಹೊರಗೆ ನೋಡಿದರು.

"ಅಯ್ಯೋ, ಇಷ್ಟು ಹೊತ್ತೂ ಸಮುದ್ರ ಇಲ್ಲೇ ಇತ್ತಾ?"

ಆ ದಿನ ಕತ್ತು ತಿರುಗಿಸಿ ತಿರುಗಿಸಿ ಸಂಜೆಯ ಹೊತ್ತಿಗೆ ಅವರಿಗೆ ನೋವು ಬಂದಿತ್ತು. ಮರುದಿನ ಬೆಳಿಗ್ಗೆ ನಾವು ತಂಗಿದ್ದ ಮನೆಯ ಅಜ್ಜಿ, ಮುಂದೆ ಕಡಲಂಚಿನ ಬಂಡೆಗಳು ಇನ್ನೂ ಚೆಂದ, ತಪ್ಪಿಸಿಕೊಳ್ಳಬೇಡಿ ಎಂದಳು. ನಾವು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತೇವೆ ಎಂದೆ. ಅಜ್ಜಿ ನನ್ನನ್ನು ನೋಡಿದ ರೀತಿಯೇ ಬೇರೆ. ಆದರೆ ನನ್ನ ಲೆಕ್ಕ ಸರಳವಾಗಿತ್ತು: ದಕ್ಷಿಣಕ್ಕೆ ತಿರುಗಿದರೆ ಸಮುದ್ರ ಬಲಕ್ಕೆ ಬರುತ್ತದೆ. ನಮ್ಮವರನ್ನು ಹಿಂದಿನ ಸೀಟಿನಲ್ಲಿ, ನನ್ನ ಬೆನ್ನ ಹಿಂದೆ, ಬಲಕಿಟಕಿಗೆ ಕೂರಿಸಿದೆ.

ಆ ದಿನ ನಾನು ಓಡಿಸಿದ ಚಂದಕ್ಕೆ ನನ್ನನ್ನು ನಾನೇ ಹೊಗಳಿಕೊಳ್ಳುತ್ತೇನೆ, ಬೇರೆ ಯಾರೂ ಹೊಗಳಲು ಅಲ್ಲಿರಲಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೋದೆ. ಕುರಿಗಳು ಬಂದರೆ ಕಾದೆ. ಸಮುದ್ರ ಕಂಡಲ್ಲೆಲ್ಲ ನಿಧಾನಿಸಿದೆ. ಪೆಟ್ರೋಲ್ ಬಂಕಿನಲ್ಲಿ ಮುದುಕನೊಬ್ಬ ಹಿಂದೆ ಠೀವಿಯಿಂದ ಕುಳಿತವರನ್ನು ನೋಡಿ, ನೀನು ಟೂರ್ ಡ್ರೈವರಾ ಎಂದು ನನ್ನನ್ನು ಕೇಳಿದ. ಹಿಂದಿನಿಂದ ಇವರು "ಹೌದು, ಬೈಗುಳ ಫ್ರೀ" ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದರು. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಕಿಟಕಿಗೆ ಹಣೆ ಒತ್ತಿಕೊಂಡು ನೋಡುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು. ನಾನು ಇನ್ನಷ್ಟು ನಿಧಾನಿಸಿದೆ.

ಊರಿಗೆ ಬಂದ ಮೇಲೆ ಕಣ್ಣಿನ ಡಾಕ್ಟರು ಹೇಳಿದ್ದಿಷ್ಟು: ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಆದಷ್ಟು ಕಾಲ ಹಿಡಿದಿಡಬಹುದು. ಎಷ್ಟು ಕಾಲ ಎಂದು ಕೇಳಿದೆ. ಯಾರೂ ಹೇಳಲಾರರು ಎಂದರು. ನಮ್ಮವರು ತಾವಾಗಿಯೇ ಲೈಸೆನ್ಸ್ ವಾಪಸ್ಸು ಕೊಟ್ಟರು. ಈಗ ದಿನಾ ಬೆಡ್‌ಫರ್ಡ್ ಪಾರ್ಕಿನ ಅವರ ಆಸ್ಪತ್ರೆಗೆ ಬಿಡುವವಳು ನಾನು, ಕರೆತರುವವಳು ನಾನು.

ಶನಿವಾರ ಗಿಡದ ಅಂಗಡಿಯಿಂದ ಬರಿಗೈಯಲ್ಲಿ ಕಾರಿಗೆ ಬಂದು ಮಗಳಿಗೆ ಫೋನ್ ಮಾಡಿದೆ. ಮುಂದಿನ ತಿಂಗಳು ನಿನ್ನ ಮನೆಗೆ ಬರುತ್ತೇವೆ, ಕಾರಲ್ಲೇ, ಎಂದೆ.

"ಅಮ್ಮಾ! ಅಡಿಲೇಡಿಂದ ಪರ್ತ್? ಆರ್ ಯು ಸೀರಿಯಸ್? ಜಸ್ಟ್ ಫ್ಲೈ! ಇಟ್ಸ್ ಡೇಸ್ ಆಫ್ ನಥಿಂಗ್!"

"ನಡುವೆ ಬಂಡೆ ಮೇಲಿಂದ ಸಮುದ್ರ ಕಾಣತ್ತಂತಲ್ಲೇ."

"ಬಟ್ ಇಟ್ಸ್ ಆನ್ ದ ಲೆಫ್ಟ್, ಅಮ್ಮ. ಅಪ್ಪಂಗೆ ಕಾಣಲ್ಲ."

ನಿಜ. ಪಶ್ಚಿಮಕ್ಕೆ ಹೋಗುವಾಗ ಸಮುದ್ರ ಎಡಕ್ಕೇ. ಅದನ್ನು ನಾನು ಎಂದೋ ನಕ್ಷೆಯಲ್ಲಿ ನೋಡಿಟ್ಟಿದ್ದೆ.

"ಹೋಗುವಾಗ ಅಪ್ಪ ನಿದ್ದೆ ಮಾಡ್ಲಿ ಬಿಡು" ಎಂದೆ. "ಬರುವಾಗ ನಾನು ನಿಧಾನಕ್ಕೆ ಬರ್ತೀನಿ."