ದೋಣಿಗೆ ನೀರು ಕುಡಿಸಿದ್ದು

ಇಂದು ಬೆಳಿಗ್ಗೆ ಗೇರೆಣ್ಣೆಯ ಡಬ್ಬಿಯ ಮುಚ್ಚಳ ತೆಗೆದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ, ನಮ್ಮ ಕರಾವಳಿಯಲ್ಲಿ ದೋಣಿಗೆ ಬಳಿಯುವ ಆ ಕಪ್ಪು ಎಣ್ಣೆಯ ಘಾಟು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಪುಣೆಯ ಧನಕವಡಿಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಆ ವಾಸನೆ ಎದ್ದಿತು. ಎರಡು ತಿಂಗಳಿಂದ ಅಲ್ಲಿ ಸ್ಕೂಟರುಗಳ ನಡುವೆ ನನ್ನದೊಂದು ದೋಣಿ ಇದೆ.

ಐವತ್ತು ದಾಟಿದವನಿಗೆ ದೋಣಿ ಯಾಕೆ ಎಂದು ನೀವು ಕೇಳಬಹುದು. ನಾನು ಎಲ್ಲರಿಗೂ ಹೇಳುತ್ತ ಬಂದ ಕತೆಯೊಂದಿದೆ: ಹತ್ತು ವರ್ಷದ ಹುಡುಗನಾಗಿದ್ದಾಗ ಶಾಲೆಗೆ ಹೊಳೆ ದಾಟಬೇಕಿತ್ತು, ದೋಣಿಗೆ ಹುಟ್ಟು ಹಾಕುತ್ತಿದ್ದವನು ನಾನೇ. ಶಿವಾಜಿನಗರದ ಕಾಲೇಜಿನಲ್ಲಿ ಪಾಠ ಬೇಸರವಾದಾಗಲೆಲ್ಲ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದ್ದೇನೆ. ಹೆಣ್ಣು ನೋಡಲು ಧಾರವಾಡಕ್ಕೆ ಹೋದಾಗಲೂ ಹೇಳಿದ್ದೆ. ಹೇಳಿದಷ್ಟೂ ಕತೆ ನುಣುಪಾಯಿತು, ನುಣುಪಾದಷ್ಟೂ ನನಗೆ ಅನುಮಾನ ಬಂತು. ವರ್ಷಗಟ್ಟಲೆ ದಿನಚರಿ ಬರೆದವನು ನಾನು. ಹಳೆಯ ಪುಟ ತೆರೆದಾಗಲೆಲ್ಲ ನನ್ನ ನೆನಪು ಒಂದು ಹೇಳುತ್ತದೆ, ನನ್ನದೇ ಅಕ್ಷರ ಇನ್ನೊಂದು. ಹುಟ್ಟು ಕೈಗೆ ಬಂದರೆ ಕೈಯಾದರೂ ನಿಜ ಹೇಳೀತು ಅನ್ನಿಸಿತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಪುಣೆಯ ಹೊರಗಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ಮುದುಕರೊಬ್ಬರು ತಮ್ಮ ಹಳೆಯ ಮರದ ದೋಣಿ ಮಾರುತ್ತಿದ್ದರು. ಚೌಕಾಸಿಯನ್ನೂ ಮಾಡದೆ ಕೊಂಡೆ. ಮನೆಗೆ ಒಯ್ದು ಬಣ್ಣ ಬಳಿದು ಮತ್ತೆ ಇಲ್ಲಿಗೇ ತರುತ್ತೇನೆ ಎಂದಾಗ ಅವರ ಮುಖ ಚಿಕ್ಕದಾಯಿತು. "ಪಾಣ್ಯಾತಚ್ ಠೇವಾ, ಸಾಹೇಬ," ಎಂದರು. ನೀರಲ್ಲೇ ಇಡಿ ಎಂದು. ಇನ್ನೊಮ್ಮೆಯೂ ಹೇಳಿದರು. ನಾನು ಕರಾವಳಿಯವನು, ನನಗೆ ದೋಣಿಯ ಬುದ್ಧಿ ಹೇಳುತ್ತಾರಲ್ಲ ಎಂದು ನಕ್ಕೆ.

ಟೆಂಪೋದ ಮೇಲೆ ದೋಣಿ, ದೋಣಿಯೊಳಗೆ ನಾನು. ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ತಲೆಯೆತ್ತಿ, "ಕಾಕಾ, ಗೋವ್ಯಾಲಾ ಕಾ?" ಎಂದು ಕೇಳಿದ. ಗೋವೆಗೇ ಎಂದು ಕೈಬೀಸಿದೆ. ದಿನಚರಿಯಲ್ಲಿ ಆ ದಿನ ಇರುವುದು ಇಷ್ಟೆ: "ದೋಣಿ ಬಂತು. ಬಿಸಿಲು ಜೋರು." ಬೈಕಿನವನು ಅಲ್ಲಿಲ್ಲ. ಆದರೂ ಅವನನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ನಮ್ಮೂರಿನಲ್ಲಿ ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲಿನ ಚಪ್ಪರದಡಿ ಕವುಚಿ ಹಾಕುತ್ತಿದ್ದರು. ನನಗೆ ನೆನಪಿದ್ದದ್ದು ಆ ನೆರಳು ಮಾತ್ರ, ಪಾರ್ಕಿಂಗಿನಲ್ಲೂ ನೆರಳಿತ್ತು. ಸುತ್ತ ಸುರಿಯುತ್ತಿದ್ದ ಮಳೆಯನ್ನು ನೆನಪು ಕೈಬಿಟ್ಟಿತ್ತು. ಪುಣೆಯ ಏಪ್ರಿಲ್ಲಿನಲ್ಲಿ, ಒಣಗಿಸಿಟ್ಟ ಹಪ್ಪಳದಂತೆ, ಮೂರೇ ವಾರದಲ್ಲಿ ದೋಣಿಯ ಹಲಗೆಗಳು ಬಾಯಿಬಿಟ್ಟವು. ಸಂದಿಯಲ್ಲಿ ಆಚೆ ನಿಂತ ಸ್ಕೂಟರಿನ ನಂಬರು ಓದಬಹುದಿತ್ತು.

ಒಣಗಿದ ದೋಣಿಗೆ ಒಂದೇ ಮದ್ದು: ಒಳಗೆ ನೀರು ತುಂಬಿಡಬೇಕು, ಹಲಗೆ ನೀರು ಕುಡಿದು ಉಬ್ಬಿ ಸಂದಿ ಮುಚ್ಚಬೇಕು. ನಾನು ಕೊಡ ಹಿಡಿದು ಇಳಿದಾಗ ಹೆಂಡತಿ ಮೆಟ್ಟಿಲ ಮೇಲೇ ಅಡ್ಡ ನಿಂತಳು. "ಏನ್ರೀ, ಕುಡಿಯೂ ನೀರಿಗೆ ಟ್ಯಾಂಕರ್ ಹಾದಿ ಕಾಯಾಕ ಹತ್ತೇವಿ, ನೀವು ದೋಣಿಗೆ ನೀರು ಕುಡಸ್ತೀರೇನು?"

ಸೊಸೈಟಿಯ ಅಧ್ಯಕ್ಷರೂ ಬಂದರು. ಸೋರಿ ಹರಿಯುತ್ತಿದ್ದ ನೀರನ್ನು ದಾಟಿ ನಿಂತು, ಬಹಳ ಗಂಭೀರವಾಗಿ ಕೇಳಿದರು: "ಹೋಡೀ ಪಾಣ್ಯಾತ್ ಅಸತೇ ಕೀ ಪಾಣೀ ಹೋಡೀತ್?" ದೋಣಿ ನೀರಿನಲ್ಲಿರುವುದೋ, ನೀರು ದೋಣಿಯಲ್ಲೋ? ತಿಂಗಳೊಳಗೆ ತೆಗೆಯಬೇಕೆಂದು ಹೇಳಿ ಹೋದರು.

ಮರುದಿನ ನೋಡಿದರೆ ಹೆಂಡತಿಯೇ ಬಕೆಟ್ ಹೊತ್ತು ತಂದಿದ್ದಾಳೆ: ಫಿಲ್ಟರಿನಿಂದ ಹೊರಬೀಳುವ ನೀರು, ಅಕ್ಕಿ ತೊಳೆದ ನೀರು. "ಹೆಂಗೂ ಚೆಲ್ಲೂದs ಅದ," ಎಂದಳು. ಮೂಗಿನ ಮೇಲಿನ ಸಿಟ್ಟು ಹಾಗೇ ಇತ್ತು.

ಎಷ್ಟು ದಿನ ತುಂಬಬೇಕೆಂದು ಕೇಳಲು ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಐದು ವರ್ಷ ದೊಡ್ಡವಳು, ಇಂದಿಗೂ ಹೊಳೆದಂಡೆಯವಳು. "ನಿನಗೆ ಎಂತಕ್ಕೆ ಮಾರಾಯ ದೋಣಿ?" ಎಂದಳು.

"ಹುಟ್ಟು ಹಾಕಲಿಕ್ಕೆ. ಚಿಕ್ಕವನಿದ್ದಾಗ ಹಾಕುತ್ತಿರಲಿಲ್ವಾ?"

ಅಕ್ಕ ನಕ್ಕಳು. ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. "ನೀನಾ? ಹುಟ್ಟು ಹಾಕಿದ್ದು ನಾನು. ನಿನ್ನದು ನೀರು ಮೊಗೆಯುವ ಕೆಲಸ. ಅದೂ ಅಳ್ತಾ ಅಳ್ತಾ. ದೋಣಿ ಸೋರ್ತಿತ್ತಲ್ಲ, ನೆನಪಿಲ್ವಾ?"

ನೆನಪಿರಲಿಲ್ಲ. ಇಷ್ಟು ವರ್ಷ ಅಕ್ಕನ ತೋಳುಗಳನ್ನು ನನ್ನವೆಂದು ಹೇಳಿಕೊಂಡು ಓಡಾಡಿದ್ದೆ. ಹೆಂಡತಿಗೆ ತಪ್ಪೊಪ್ಪಿಕೊಂಡರೆ ಅವಳು ಹುರಳಿ ಆರಿಸುತ್ತಲೇ ಅಂದಳು: "ಅವತ್ತು ನಮ್ಮನಿಯೊಳಗ ನೀವು ಹೇಳಿದ್ದು ಅದೊಂದs ಸುಳ್ಳಲ್ಲ ತಗೋರಿ." ದೋಣಿ ಮಾರಿಬಿಡೋಣ ಎಂದೆ. "ಇಷ್ಟು ದಿನ ನಾ ನೀರು ಹೊತ್ತೇನಿ," ಎಂದಳು ಅವಳು. "ಮಾರೂದಿಲ್ಲ. ಅಕ್ಕಾರನ್ನ ಕರಸ್ರಿ."

ಅಕ್ಕ ನಿನ್ನೆ ಬಂದಳು, ಕೈಯಲ್ಲಿ ಈ ಗೇರೆಣ್ಣೆಯ ಡಬ್ಬಿ ಹಿಡಿದು. ದೋಣಿಯನ್ನು ಹಿನ್ನೀರಿಗೆ ಒಯ್ಯಲು ನಾಳೆ ಬೆಳಿಗ್ಗೆ ಟೆಂಪೋ ಬರುತ್ತದೆ. ಇಂದು ದೋಣಿಯ ನೀರು ಖಾಲಿ ಮಾಡಬೇಕಿತ್ತು. ಸ್ನಾನದ ಮಗ್ಗು ಹಿಡಿದು ಕೂತೆ. ಮೊಗೆದು, ನೋಡದೆಯೇ, ಎಡ ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಿದೆ. ಮತ್ತೆ ಮತ್ತೆ ಹಾಗೇ. ಯಾರೂ ಹೇಳಿಕೊಟ್ಟಿರಲಿಲ್ಲ. "ಹಾಂ, ಹೀಗೇ!" ಎಂದಳು ಅಕ್ಕ. ಕೈಗೆ ನೆನಪಿತ್ತೋ, ಅಕ್ಕನ ಮಾತು ಕೇಳಿ ಕೈ ಹೊಸದಾಗಿ ನಟಿಸಿತೋ, ಪ್ರಮಾಣ ಮಾಡಿ ಹೇಳಲಾರೆ.

ಸಂದಿಗಳೆಲ್ಲ ಮುಚ್ಚಿವೆ. ಹಿಂಬದಿಯ ಒಂದು ಮಾತ್ರ ಇನ್ನೂ ಹನಿಹನಿಯಾಗಿ ಜಿನುಗುತ್ತಿದೆ. ಅದಕ್ಕೆಂದೇ ಬೆಳಿಗ್ಗೆ ಡಬ್ಬಿ ತೆರೆದದ್ದು. ಅಕ್ಕ ಆ ಹನಿಯನ್ನು ಬೆರಳಿನಿಂದ ಒರೆಸಿ ನೋಡಿದಳು.

"ಒದ್ದೆ ಮರಕ್ಕೆ ಎಣ್ಣೆ ಹಿಡಿಯುವುದಿಲ್ಲ. ಅಷ್ಟು ಸೋರಿದರೆ ಸೋರಲಿ ಬಿಡು," ಎಂದಳು. "ನೀನಿದ್ದೀಯಲ್ಲ."

ಡಬ್ಬಿಯ ಮುಚ್ಚಳ ಹಾಕಿದೆ. ಮಗ್ಗನ್ನು ದೋಣಿಯೊಳಗೇ ಬಿಟ್ಟು ಬಂದೆ.