ಉಮ್ ನಾಯೆಫ್ ಕುಡಿಯದೆ ಇಟ್ಟ ಕಾಫಿ

ಕರಕ್ ಊರಿನ ಭೂದಾಖಲೆ ಕಚೇರಿಯಲ್ಲಿ ಹಳೆಯ ಗುಮಾಸ್ತೆ ಉಮ್ ನಾಯೆಫ್ ಅವರ ಬಾಯಿಗೆ ಹೆದರದವರಿರಲಿಲ್ಲ. ತಡವಾಗಿ ಬಂದ ಮೇಲಧಿಕಾರಿಯನ್ನೂ ಬಿಡುತ್ತಿರಲಿಲ್ಲ. "ಬಂದ್ರಾ ಪಾಷಾ? ಇನ್ನೊಂದು ನಿದ್ದೆ ಮುಗಿಸ್ಕೊಂಡೇ ಬರಬಹುದಿತ್ತಲ್ಲ!" ಎನ್ನುತ್ತಿದ್ದರು. ಯಾರ ಮನೆಯ ಮದುವೆ ಮಾತುಕತೆ ಮುರಿದುಬಿತ್ತು, ಯಾರ ಅತ್ತೆ ಮುನಿಸಿಕೊಂಡು ಮಗಳ ಮನೆ ಸೇರಿದಳು ಎಂಬುದೆಲ್ಲ ಅವರಿಗೆ ಬಾಯಿಪಾಠ. ಹಾಗಿದ್ದರೂ ಆ ಕಚೇರಿಯಲ್ಲಿ ಮನುಷ್ಯರು ಎನ್ನಿಸಿಕೊಳ್ಳುವ ಯೋಗ್ಯತೆ ಎಲ್ಲರಿಗಿಂತ ಹೆಚ್ಚು ಇದ್ದದ್ದು ಅವರಿಗೇ.

ಅವರ ಎದುರು ಮೇಜು ದೈಫಲ್ಲಾನದು. ಹುಟ್ಟುಕುರುಡ. ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದವನು, ಈಗ ಜನ ಕಂಪ್ಯೂಟರ್ ಮೂಲಕ ಕಳಿಸುವ ದೂರುಗಳಿಗೆ ಉತ್ತರ ಬರೆಯುತ್ತಿದ್ದ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವೊಂದನ್ನು ಅವನ ಅಣ್ಣನ ಮಗ ಹಾಕಿಕೊಟ್ಟಿದ್ದ. ಮೂಗಿನಲ್ಲಿ ಮಾತಾಡುವ ಆ ದನಿಗೆ ಉಮ್ ನಾಯೆಫ್ ಇಟ್ಟ ಹೆಸರು ಭಾವಮೈದ.

"ನಿನ್ನ ಭಾವಮೈದಂಗೆ ಇನ್ನೂ ನೆಗಡಿ ವಾಸಿ ಆಗಿಲ್ವೇನೋ?"

"ಅವನು ಕೆಲಸ ಇದ್ದಾಗ ಮಾತ್ರ ಬಾಯಿ ಬಿಡ್ತಾನೆ ಉಮ್ ನಾಯೆಫ್. ಎಲ್ರಿಗೂ ಆ ಗುಣ ಬರಲ್ಲ."

ಹೀಗೆ ದಿನ ಸಾಗುತ್ತಿದ್ದಾಗ ರಾಜಧಾನಿ ಅಮ್ಮಾನ್‌ನಿಂದ ಸುತ್ತೋಲೆ ಬಂತು. ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳೆಲ್ಲ ಇನ್ನು ಮುಂದೆ ಒಂದೇ ರೀತಿ ಇರತಕ್ಕದ್ದು. ಇಲಾಖೆ ಒಪ್ಪಿದ ತಂತ್ರಾಂಶಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಲಾಗುವುದು. ಕರಡು ನೀತಿಯ ಬಗ್ಗೆ ಸಾರ್ವಜನಿಕರು ಸಭೆಗೆ ಬಂದು ಅಭಿಪ್ರಾಯ ಹೇಳಬಹುದು. ಒಪ್ಪಿದವುಗಳಲ್ಲಿ ಭಾವಮೈದ ಇರಲಿಲ್ಲ. ಭಾವಮೈದ ಹೋದರೆ ದೈಫಲ್ಲಾ ಮನೆಯಲ್ಲಿ ಕೂರಬೇಕಾಗುತ್ತಿತ್ತು.

"ಅಮ್ಮಾನ್‌ಗೆ ಹೋಗಿ ಹೇಳೋ" ಎಂದರು ಉಮ್ ನಾಯೆಫ್.

"ಪಾಪ ಕುರುಡ ಬಂದಿದಾನೆ ಅಂತ ಇಡೀ ಸಭೆ ಲೊಚಗುಟ್ಟಲಿ ಅಂತಾನಾ? ನಾನು ಬೇಡೋಕೆ ಹೋಗಲ್ಲ. ನೀವೂ ನನ್ನ ಹೆಸರು ಎತ್ತಬೇಡಿ."

ಉಮ್ ನಾಯೆಫ್ ತಮ್ಮ ಕಡತಕ್ಕೆ ತಿರುಗಿದರು. ಸಭೆಯ ದಿನ ಮಂಡಿನೋವೆಂದು ರಜೆ ಹಾಕಿ ಅದೇ ಮಂಡಿಯಲ್ಲಿ ಅಮ್ಮಾನ್ ಬಸ್ಸು ಹತ್ತಿದರು.

ಸಭೆ ನಡೆಸುತ್ತಿದ್ದವನು ಇಂಜಿನಿಯರ್ ರಾಕಾನ್, ಇಲಾಖೆಯ ನಿರ್ದೇಶಕ. ಒಬ್ಬ ಪ್ರೊಫೆಸರ್ ಎದ್ದು ಸುದೀರ್ಘವಾಗಿ ಕೊರೆದ. ಕಂಪ್ಯೂಟರ್ ಅಂಗಡಿಯವನೊಬ್ಬ ಹೊಸ ಯಂತ್ರಗಳನ್ನು ಯಾವಾಗ ಕೊಳ್ಳುತ್ತೀರಿ ಎಂದು ಕೇಳಿದ. ಅಷ್ಟರಲ್ಲಿ ಕಾಫಿಯವನು ಹೂಜಿ ಹಿಡಿದು ಸಾಲಿನುದ್ದಕ್ಕೂ ಬಂದ. ಉಮ್ ನಾಯೆಫ್ ಪುಟ್ಟ ಬಟ್ಟಲನ್ನು ತೆಗೆದುಕೊಂಡು ಮುಂದಿದ್ದ ಮೇಜಿನ ಮೇಲೆ ಇಟ್ಟರು. ಇದ್ದ ಕೆಲವೇ ಬಟ್ಟಲುಗಳು ಕೈಯಿಂದ ಕೈಗೆ ಸುತ್ತುತ್ತಿದ್ದುದರಿಂದ ಅವನು ಅದಕ್ಕಾಗಿ ಕಾದು ನಿಂತ.

"ಕುಡೀರಿ ಖಾಲಾ, ಮುಂದಿನವ್ರಿಗೆ ಹುಯ್ಯಬೇಕು."

"ಅದು ಅಲ್ಲೇ ಇರ್ಲಿ. ನಂದೊಂದು ಕೇಳಿಕೆ ಇದೆ."

ಕಾಫಿಯವನ ಕೈ ಅಲ್ಲೇ ನಿಂತಿತು. ಸಭೆಯೆಲ್ಲ ಅವರತ್ತ ತಿರುಗಿತು. ಹೆಣ್ಣು ಕೇಳಲೋ ಹಗೆ ಮುಗಿಸಲೋ ಜಾಹಾ ಎಂಬ ನಿಯೋಗ ಕಟ್ಟಿಕೊಂಡು ಹೋದ ಹಿರಿಯರು ಕೇಳಿದ್ದು ಸಿಗುವ ತನಕ ಆ ಮನೆಯ ಕಾಫಿ ಮುಟ್ಟುವುದಿಲ್ಲ. ಕುಡಿಯದೆ ಎದ್ದು ಹೋದರೆ ಮನೆಯವರ ಮಾನ ಹೋಯಿತೆಂದೇ ಲೆಕ್ಕ. ಆದರೆ ಅದು ಗಡ್ಡ ನೆರೆತ ಗಂಡಸರು ದಂಡುಕಟ್ಟಿಕೊಂಡು ಮಾಡುವ ಕೆಲಸ. ಹೆಂಗಸೊಬ್ಬರು ಒಂಟಿಯಾಗಿ, ಅದೂ ಸರ್ಕಾರದ ಮನೆಗೆ ಜಾಹಾ ಬಂದದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಎಂಥ ಎದೆಗಾರಿಕೆ!

"ಖಾಲಾ, ಇದು ಸಾರ್ವಜನಿಕ ಸಭೆ" ಎಂದ ರಾಕಾನ್, ಮೆಲ್ಲಗೆ. "ನಿಮ್ಮ ಅಭಿಪ್ರಾಯ ಬರ್ದುಕೊಡಿ, ಸಮಿತಿ ನೋಡತ್ತೆ."

"ಯಾವೂರು ಮಗಾ ನಿಂದು?"

"ತಫೀಲಾ."

"ನಿಮ್ಮಪ್ಪನ ಚಾವಡೀಲಿ ಹಿರಿಯರು ಕಾಫಿ ಮುಟ್ಟದೆ ಕೂತ್ರೆ, ಬರ್ದುಕೊಟ್ಟು ಹೋಗಿ ಅಂತಿದ್ರಾ ನಿಮ್ಮಪ್ಪ?"

ಸಭೆ ಗೊಳ್ಳೆಂದಿತು. ರಾಕಾನ್ ಕೂಡ ನಕ್ಕ. ಉಮ್ ನಾಯೆಫ್ ಹೆಸರೆತ್ತದೆ, ತಮ್ಮ ಕಚೇರಿಯ ಒಬ್ಬನಿಗೆ ಕಣ್ಣು ಕಾಣದೆಂದೂ ಅವನ ಯಂತ್ರದ ಓದುವ ದನಿಯನ್ನು ಅಳಿಸಬಾರದೆಂದೂ ಹೇಳಿದರು.

"ಒಬ್ಬರಿಗೆ ಸಡಿಲ ಬಿಟ್ರೆ ಎಲ್ರೂ ಕೇಳ್ತಾರೆ ಖಾಲಾ. ಬೇಕಿದ್ರೆ ಅವ್ರಿಗೆ ಓದಿಹೇಳೋಕೆ ಒಬ್ರು ಸಹಾಯಕರನ್ನ ಕೊಡೋಣ."

ಉಮ್ ನಾಯೆಫ್ ಅವರ ಮುಖ ಕೆಂಪಾಯಿತು.

"ಆ ಸಹಾಯಕಿ ನಾನೇ ಆಗಿದ್ದೆ ಮಗಾ! ಈ ದನಿ ಬರೋಕೆ ಮುಂಚೆ ಅವನಿಗೆ ಬಂದಿದ್ದೆಲ್ಲ ನಾನೇ ಓದ್ತಿದ್ದೆ. ಆಸ್ಪತ್ರೆಯವ್ರು ಕಳಿಸಿದ್ದು, ಹೆಂಡ್ತಿ ತವರಿಂದ ಬರ್ದಿದ್ದು, ಎಲ್ಲ. ಏನಿತ್ತು ಅಂತ ಕೇಳ್ಬೇಡಿ, ಅದು ನನ್ನ ಜೊತೆ ಮಣ್ಣಿಗೆ ಹೋಗತ್ತೆ. ನಾನು ಓದ್ತಿದ್ರೆ ಅವನು ಗೋಡೆ ಕಡೆ ಮುಖ ತಿರುಗಿಸ್ಕೋತಿದ್ದ. ಕಣ್ಣಿಲ್ದೋನು, ಆದ್ರೂ ತಿರುಗಿಸ್ಕೋತಿದ್ದ."

ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡರು.

"ನಾನೆಂಥಾ ಕೆದಕೋ ಹೆಂಗ್ಸು ಅಂತ ಕರಕ್‌ನಲ್ಲಿ ಯಾರನ್ನಾದ್ರೂ ಕೇಳಿ. ಆದ್ರೆ ಆ ದನಿ ಬಂದ್ಮೇಲೆ ಅವನ ಮನೆ ವಿಷಯ ನಂಗೊಂದೂ ಗೊತ್ತಿಲ್ಲ. ಗೊತ್ತಾಗೋದು ಬೇಡ. ಅಷ್ಟೇ ನನ್ನ ಕೇಳಿಕೆ."

ಹಿಂದಿನ ಸಾಲಿನಲ್ಲಿ ಕಾಫಿ ಕೈಗೆತ್ತಿಕೊಂಡಿದ್ದ ಮುದುಕರೊಬ್ಬರು ಬಟ್ಟಲನ್ನು ಕೆಳಗಿಟ್ಟು, "ನಾನೂ ಇವರ ಜಾಹಾದವನೇ" ಎಂದರು. ಪ್ರೊಫೆಸರ್‌ಗೆ ಇನ್ನೂ ಕಾಫಿ ಬಂದಿರಲಿಲ್ಲ. ಆತ, "ನಂಗೂ ಬೇಡ" ಎಂದುಬಿಟ್ಟ.

ರಾಕಾನ್ ತಲೆ ತಗ್ಗಿಸಿ ಕರಡಿನ ಅಂಚಿನಲ್ಲಿ ಏನೋ ಬರೆದು ಗಟ್ಟಿಯಾಗಿ ಓದಿದ: ನೌಕರನು ಯಾವ ತಂತ್ರಾಂಶದ ನೆರವಿನಿಂದ ಓದುತ್ತಾನೋ ಬರೆಯುತ್ತಾನೋ ಅದನ್ನು ಅವನ ಯಂತ್ರದಿಂದ ತೆಗೆಯತಕ್ಕದ್ದಲ್ಲ. "ಸಮಿತಿಯಲ್ಲಿ ಒಪ್ಪಿಸೋ ಜವಾಬ್ದಾರಿ ನಂದು. ಒಪ್ಪದಿದ್ರೆ ಈ ನೀತಿಗೆ ನಾನು ಸಹಿ ಹಾಕಲ್ಲ" ಎಂದ. ಎದೆಯ ಮೇಲೆ ಕೈಯಿಟ್ಟು ಬಾಗಿದ. "ಕಾಫಿ ಕುಡೀರಿ ಖಾಲಾ. ನಿಮ್ಮ ಕೇಳಿಕೆ ನಡೀತು."

ತಣ್ಣಗಾಗಿದ್ದ ಕಾಫಿಯನ್ನು ಅವರು ಒಂದೇ ಗುಟುಕಿಗೆ ಮುಗಿಸಿದರು.

ನೀತಿ ಹೊರಬಿದ್ದಾಗ ಆ ಸಾಲು ಅದರಲ್ಲಿತ್ತು. ಹೊಸ ಕಂಪ್ಯೂಟರ್‌ಗಳು ಕರಕ್‌ಗೂ ಬಂದವು. ಅಮ್ಮಾನ್‌ನ ಸುದ್ದಿ ದೈಫಲ್ಲಾನ ಕಿವಿಗೆ ಬೀಳದೆ ಇರುತ್ತದೆಯೇ? ಅವನು ಥ್ಯಾಂಕ್ಸ್ ಹೇಳಲಿಲ್ಲ, ಅವರು ಎದುರು ನೋಡಲೂ ಇಲ್ಲ.

ಒಂದು ಬೆಳಗ್ಗೆ ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ಏನನ್ನೋ ಕೇಳುತ್ತಿದ್ದ. ಕೇಳುತ್ತಾ ಕೇಳುತ್ತಾ ಮುಖವರಳಿತು. ಕೆನ್ನೆಯ ಮೇಲೆ ನೀರಿಳಿಯಿತು. ಅವನು ಗೋಡೆಯ ಕಡೆ ತಿರುಗಲಿಲ್ಲ. ಉಮ್ ನಾಯೆಫ್ ಕಡತದ ಹಾಳೆ ತಿರುವಿದರು, ಮತ್ತೆ ತಿರುವಿದರು. ಕೊನೆಗೂ ತಡೆಯಲಾಗಲಿಲ್ಲ.

"ಏನಂತೋ?"

"ಅದು ನಮ್ಮ ಮನೆ ವಿಷಯ ಉಮ್ ನಾಯೆಫ್. ನಿಮಗ್ಯಾಕೆ?"

"ಹೌದಪ್ಪಾ" ಎಂದರು ಅವರು, ಅಳು ನುಂಗಿಕೊಂಡು. "ನಂಗ್ಯಾಕೆ?"